ದೇವದುರ್ಗದ ದೊಡ್ಡಿಗಳಲ್ಲಿ

2025 ಜನವರಿ 9, ದೇವದುರ್ಗ

ರಾತ್ರಿ ಊಟವಾದ ಮೇಲೆ ನಂಜುಂಡಪ್ಪ ಸಮಿತಿಯ ವರದಿಯನ್ನು ಮತ್ತೆ ತೆಗೆದೆ. ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರ ವರದಿ. ಉತ್ತರ, ದಕ್ಷಿಣ ಎಂಬ ಜಗಳವನ್ನು ಬದಿಗಿಟ್ಟು ಡಾ. ಡಿ.ಎಂ. ನಂಜುಂಡಪ್ಪನವರು ತಾಲ್ಲೂಕಿಗೆ ಇಳಿದರಲ್ಲ, ಅದು ದೊಡ್ಡ ಕೆಲಸ. 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದರು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿ ಕೂಡ ಆ 39ರಲ್ಲಿವೆ. ಜಿಲ್ಲೆಯ ಸರಾಸರಿ ಹಿಡಿದು ಕೂತಿದ್ದರೆ ಅವು ಕಣ್ಣಿಗೇ ಬೀಳುತ್ತಿರಲಿಲ್ಲ. ಪಟ್ಟಿಯ ತಳದಲ್ಲಿ ಈ ದೇವದುರ್ಗ.

ಜನವರಿ 11

ಇಲ್ಲಿ ಊರು ಬೇರೆ, ದೊಡ್ಡಿ ಬೇರೆ. ಹೊಲದ ನಡುವೆ ಹತ್ತಿಪ್ಪತ್ತು ಮನೆ ಕಟ್ಟಿಕೊಂಡರೆ ಅದು ದೊಡ್ಡಿ. ಇವತ್ತು ಹೋದ ದೊಡ್ಡಿಯಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ. ಒಂದು ಕಟ್ಟೆಯ ಮೇಲೆ ಅಜ್ಜಿ ತೊಗರಿ ಹಸನು ಮಾಡುತ್ತಿದ್ದಳು, ಪಕ್ಕದಲ್ಲಿ ಮೂರು ಮೊಮ್ಮಕ್ಕಳು.

“ಮಗ, ಸೊಸಿ ಇಬ್ರೂ ಬೆಂಗ್ಳೂರಿಗೆ ಗುಳೇ ಹೋಗ್ಯಾರ ಯವ್ವಾ. ಉಗಾದಿಗೆ ಬರ್ತಾರ.”

ಉದ್ಯೋಗ ಖಾತರಿ ಕೆಲಸ ಸಿಗಲ್ವಾ ಅಂತ ಕೇಳಿದೆ. “ಸಿಗ್ತದ. ರೊಕ್ಕ ಯಾವಾಗ ಬರ್ತದಂತ ಗೊತ್ತಾಗಲ್ಲ. ಅಲ್ಲಿ ವಾರಕ್ಕ ಬಟವಾಡಿ.” ದಿನಕ್ಕೆ 349 ರೂಪಾಯಿ ಎಂಬ ಸರ್ಕಾರಿ ಕೂಲಿಗಿಂತ ಈ ಮನೆಗೆ ಮುಖ್ಯವಾದದ್ದು ಶನಿವಾರದ ಬಟವಾಡೆ. ದೊಡ್ಡ ಮೊಮ್ಮಗಳಿಗೆ ಹತ್ತು ವರ್ಷ ಇರಬಹುದು. ಶಾಲೆಯಲ್ಲಿ ಹೆಸರಿದೆ. ತಮ್ಮನನ್ನು ನೋಡಿಕೊಳ್ಳುವುದಕ್ಕೆ ಮನೆಯಲ್ಲೇ ಉಳಿದಿದ್ದಾಳೆ.

ಜನವರಿ 12

ಆ ಹುಡುಗಿ ಮನಸ್ಸಿನಿಂದ ಹೋಗುತ್ತಿಲ್ಲ. 35 ಸೂಚಕಗಳಲ್ಲಿ ಬ್ಯಾಂಕಿದೆ, ಅಂಚೆ ಕಚೇರಿಯಿದೆ, ದೂರವಾಣಿಯಿದೆ, ರಸ್ತೆಯಿದೆ, ಆಸ್ಪತ್ರೆಯ ಹಾಸಿಗೆಯಿದೆ. ಗುಳೆ ಇಲ್ಲ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಎಂದು ಸಮಿತಿ ಹೇಳಿತ್ತು, 2007-08ರಿಂದ ಅದು ಶುರುವೂ ಆಯಿತು. ಆಮೇಲೆ ಸಂವಿಧಾನದಲ್ಲಿ 371 (ಜೆ) ವಿಧಿ ಬಂತು, ಈ ಭಾಗಕ್ಕೆಂದೇ ಅಭಿವೃದ್ಧಿ ಮಂಡಳಿ ಬಂತು. ರಸ್ತೆ, ಕಟ್ಟಡ ಎದ್ದಿರುವುದು ಕಾಣುತ್ತದೆ, ಬೇಕಾಗಿದ್ದವೇ. ಆದರೆ ಯಾವುದನ್ನು ಅಳೆಯುತ್ತೇವೋ ಹಣ ಅತ್ತಲೇ ಹರಿಯುತ್ತದೆ. ದೀಪಾವಳಿಯಿಂದ ಉಗಾದಿವರೆಗೆ ಊರಲ್ಲಿ ಎಷ್ಟು ಜನ ಉಳಿದರು ಎಂದು ಯಾರೂ ಎಣಿಸುವುದಿಲ್ಲ.

ತಾಲ್ಲೂಕಿಗೆ ಇಳಿದ ಕಣ್ಣು ಇನ್ನೂ ಒಂದು ಮೆಟ್ಟಿಲು ಇಳಿಯಬೇಕು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ಊರಲ್ಲಿ ಭತ್ತ, ಕಾಣದ ದೊಡ್ಡಿಯಲ್ಲಿ ಬೀಗ. ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಅಂಕಿ ಯಾರ ಬಾಳನ್ನೂ ಹೇಳುವುದಿಲ್ಲ.

ಜನವರಿ 14

ಸಂಕ್ರಾಂತಿ. ಪಂಚಾಯಿತಿ ಕಚೇರಿ ರಜೆ. ನನ್ನ ಅಧ್ಯಯನದ ಶಿಫಾರಸುಗಳ ಮೊದಲ ಕರಡು ಬರೆದೆ. ಪ್ರತಿ ಗ್ರಾಮ ಪಂಚಾಯಿತಿಯೂ ದೊಡ್ಡಿ, ತಾಂಡಾವಾರು ಗುಳೆಯ ಲೆಕ್ಕ ಇಡಬೇಕು. ಸುಗ್ಗಿ ಮುಗಿದ ವಾರದಿಂದಲೇ ಉದ್ಯೋಗ ಖಾತರಿ ಕೆಲಸ, ವಾರವಾರ ಕೂಲಿ. ತಂದೆತಾಯಿ ದುಡಿಯಲು ಹೋದ ಮಕ್ಕಳಿಗೆ ಆ ತಿಂಗಳುಗಳ ಮಟ್ಟಿಗೆ ಊರಲ್ಲೇ ಹಾಸ್ಟೆಲ್, ಚಿಕ್ಕವರಿಗೆ ದೊಡ್ಡಿಯಲ್ಲೇ ಅಂಗನವಾಡಿ. ಕಟ್ಟಡಕ್ಕಿಂತ ಮೊದಲು ಇದಕ್ಕೆ ಹಣ ಇಡಿ ಎಂದು ನೇರವಾಗಿಯೇ ಬರೆದಿದ್ದೇನೆ. ಮಾರ್ಗದರ್ಶಕರು ಭಾಷೆ ಮೆತ್ತಗೆ ಮಾಡು ಅನ್ನಬಹುದು. ಈ ಸಾಲನ್ನು ಮಾತ್ರ ಬಿಡುವುದಿಲ್ಲ.