ಎಂಟು ಭಾನುವಾರ, ಒಂದು ಮೊಕದ್ದಮೆ

2020ರ ಫೆಬ್ರವರಿಯಲ್ಲಿ ಹಾಸನದಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದ ಮಾವನವರು, ಕೊರೊನಾ ಬಂದು ವಿಮಾನಗಳು ನಿಂತಾಗ ಇಲ್ಲೇ ಉಳಿಯಬೇಕಾಯಿತು. ನಲವತ್ತು ವರ್ಷ ವಕೀಲಿ ಮಾಡಿದವರು. ದಿನವೂ ಕೋರ್ಟಿಗೆ ಹೋಗಿ ರೂಢಿಯಾದ ಮನುಷ್ಯ ನಾಲ್ಕು ಗೋಡೆಗಳ ನಡುವೆ ಕೂತು ಸೊರಗುತ್ತಿರುವುದು ನನಗೆ ಕಾಣುತ್ತಿತ್ತು. ಹಳೆಯ ಧಾರಾವಾಹಿಗಳನ್ನೇ ಹಾಕುವ ಚಾನೆಲ್ಲೊಂದರಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ‘ಪೆರ್ರಿ ಮೇಸನ್’ ಬರುತ್ತದೆಂದು ಗೊತ್ತಾದ ದಿನ ಅವರ ಮುಖಕ್ಕೆ ಕಳೆ ಬಂತು.

ಮೈಸೂರಿನಲ್ಲಿ ಓದುವಾಗ ಬಾಡಿಗೆ ಪುಸ್ತಕದಂಗಡಿಯಿಂದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಕಾದಂಬರಿಗಳನ್ನು ತಂದು, ರಾತ್ರಿಯೇ ಮುಗಿಸಿ ಬೆಳಿಗ್ಗೆ ವಾಪಸು ಕೊಡುತ್ತಿದ್ದರಂತೆ. ಎರಡನೇ ದಿನದ ಬಾಡಿಗೆಗೆ ದುಡ್ಡಿರುತ್ತಿರಲಿಲ್ಲ. ಲಾ ಕಾಲೇಜು ಸೇರಿದ್ದೇ ಮೇಸನ್‌ನಿಂದ ಎನ್ನುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸೋನಿಯಾ ಸೋಟೊಮೇಯರ್ ಕೂಡ ಬಾಲ್ಯದಲ್ಲಿ ಈ ಧಾರಾವಾಹಿ ತಮಗೆ ಸ್ಫೂರ್ತಿಯಾಯಿತೆಂದು 2009ರಲ್ಲಿ ಸೆನೆಟ್ ಸಮಿತಿಯೆದುರು ಹೇಳಿದ್ದರು. ಇದನ್ನು ತಿಳಿಸಿದಾಗ ಮಾವನವರು ಮಾತಾಡಲಿಲ್ಲ. ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿಕೊಂಡರು.

1957ರಿಂದ 1966ರವರೆಗೆ ಬಂದ ಆ ಧಾರಾವಾಹಿಯಲ್ಲಿ 271 ಕಂತುಗಳು. ಮೇಸನ್ ಆಗಿ ರೇಮಂಡ್ ಬರ್. ಅಗಲವಾದ ಭುಜ, ಇಸ್ತ್ರಿ ಮಾಸದ ಸೂಟು, ಮುಖ ನೋಡಿದರೇ ನಂಬಬೇಕೆನಿಸುವ ಕಣ್ಣು. ಪಾಟೀಸವಾಲು ಬಿಗಿಯಾಗುತ್ತ ಹೋದಂತೆ ನಿಜವಾದ ಕೊಲೆಗಾರ ತಡೆಯಲಾರದೆ ಬಾಯಿಬಿಡುತ್ತಾನೆ. ಸರ್ಕಾರಿ ವಕೀಲ ಹ್ಯಾಮಿಲ್ಟನ್ ಬರ್ಗರ್ ವಾರವಾರವೂ ಸೋಲುತ್ತಾನೆ.

ಜೂನ್ 21ರ ಭಾನುವಾರ ಎಚ್‌ಬಿಒದಲ್ಲಿ ಹೊಸ ‘ಪೆರ್ರಿ ಮೇಸನ್’ ಶುರುವಾದಾಗ ನಾವು ಮೂವರೂ ಸೋಫಾದ ಮೇಲೆ ಸಾಲಾಗಿ ಕೂತೆವು. ಮೊದಲ ಕೆಲವೇ ನಿಮಿಷಗಳಲ್ಲಿ ಲಾಸ್ ಏಂಜಲೀಸಿನ ಟ್ರಾಮ್‌ಗಾಡಿಯೊಳಗೆ, ತಾಯಿಯ ಕೈಯಲ್ಲಿ, ಕದ್ದೊಯ್ದಿದ್ದ ಕೂಸಿನ ಹೆಣ. ರೆಪ್ಪೆಗಳನ್ನು ತೆರೆದಿಟ್ಟು ದಾರದಿಂದ ಹೊಲಿದಿದ್ದಾರೆ. ನನ್ನ ಎದೆ ಧಸಕ್ಕೆಂದಿತು. ಮುಂದೆ ಬೆತ್ತಲೆ ದೃಶ್ಯಗಳು ಬಂದಾಗ ಮಾವನವರು ನೀರು ಕುಡಿಯುವ ನೆಪ ಮಾಡಿ ಎದ್ದು ಹೋದರು. ಮ್ಯಾಥ್ಯೂ ರೀಸ್‌ನ ಈ ಮೇಸನ್ ವಕೀಲನೂ ಅಲ್ಲ. 1932ರ ಆರ್ಥಿಕ ಕುಸಿತದಲ್ಲಿ ಪುಡಿಗಾಸಿಗೆ ಗುಟ್ಟಾಗಿ ಫೋಟೊ ತೆಗೆಯುವ ಪತ್ತೇದಾರ, ಮಹಾಯುದ್ಧದಿಂದ ಮನಸ್ಸು ಮುರಿದು ಬಂದವನು, ಕುಡುಕ. ಅವನ ಟೈ ಕೂಡ ಶವಾಗಾರದಿಂದ ತಂದದ್ದು.

“ಇವನು ಮೇಸನ್ ಅಲ್ಲಮ್ಮ. ಹೆಸರು ಕದ್ದಿದ್ದಾರೆ,” ಎಂದು ಮಾವನವರು ಕೋಣೆಗೆ ಹೋದರು.

ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿಯದೂ ಇದೇ ದೂರು. ಬೇಲಿಯಾಚೆ ಮಾಸ್ಕ್ ಹಾಕಿಕೊಂಡು ನಿಂತು ಹೇಳಿದರು: ಮದುವೆಯಾದ ಹೊಸತರಲ್ಲಿ ಶನಿವಾರ ರಾತ್ರಿ ಗಂಡನ ಜೊತೆ ಕೂತು ನೋಡುತ್ತಿದ್ದ ಧಾರಾವಾಹಿ ಅದು, ಇದನ್ನು ಅರ್ಧಕ್ಕೇ ಆರಿಸಿಬಿಟ್ಟೆ. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಹಳಬರಿಗೆ ಬದಲಾವಣೆ ಹಿಡಿಸುವುದಿಲ್ಲ ಎಂದು ಇಂಥ ಮಾತನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ನಿರಪರಾಧಿಗೆ ಗಲ್ಲಾಗುವುದಿಲ್ಲ ಎಂದು ವಾರಕ್ಕೊಮ್ಮೆ ಮನೆಗೆ ಬಂದು ಭರವಸೆ ಕೊಡುತ್ತಿದ್ದವನು ಮೇಸನ್. ಅವನೇ ಸೋತು ಸುಣ್ಣವಾಗಿ ಬಾಗಿಲಲ್ಲಿ ನಿಂತರೆ ಕರುಳು ಚುರುಕ್ಕೆನ್ನದೆ ಇರುತ್ತದೆಯೇ? ಆ ಕೂಸನ್ನು ಅಷ್ಟು ಹತ್ತಿರದಿಂದ ತೋರಿಸಬೇಕಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆದರೆ ನನ್ನ ಗಂಡನ ಆಫೀಸಿನ ಹುಡುಗನೊಬ್ಬ, ಕಪ್ಪು ಜನಾಂಗದವನು, ಹಳೆಯದನ್ನು ಕಂಡೇ ಇರದವನು, ಇದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಹೊಸ ಕಥೆಯಲ್ಲಿ ಪಾಲ್ ಡ್ರೇಕ್ ಎಂಬವನು ಕಪ್ಪು ಪೊಲೀಸ್ ಪೇದೆ. ಕೊಲೆಯಾದ ಜಾಗದಲ್ಲಿ ತಾನು ಕಂಡದ್ದನ್ನು ಕಂಡ ಹಾಗೆ ವರದಿ ಬರೆಯುತ್ತಾನೆ. ಮೇಲಿನ ಬಿಳಿಯ ಅಧಿಕಾರಿಗಳು ಅದನ್ನು ತಿದ್ದಿಸುತ್ತಾರೆ. ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಡಿ ಸತ್ತು ಆಗಿನ್ನೂ ಒಂದು ತಿಂಗಳಷ್ಟೆ. ಸತ್ಯ ತಾನಾಗಿ ಕಟಕಟೆ ಹತ್ತಿ ಮಾತಾಡುತ್ತದೆ ಎಂದು ಆ ಬೇಸಿಗೆಯಲ್ಲಿ ಆ ಹುಡುಗನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಸತ್ಯ ತಾನಾಗಿ ಮಾತಾಡುವುದಿಲ್ಲ ಎಂದು ಗಾರ್ಡ್ನರನಿಗೂ ಗೊತ್ತಿತ್ತು. ಅವನು ಸ್ವತಃ ವಕೀಲ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡಿನಲ್ಲಿ ಯಾರಿಗೂ ಬೇಡವಾಗಿದ್ದ ಚೀನೀ ಕಕ್ಷಿದಾರರ ಪರ ನಿಂತವನು. 1933ರ ಮೊದಲ ಕಾದಂಬರಿಯ ಮೇಸನ್ ಕೂಡ ಜಗಳಕ್ಕೆ ನಿಂತ ಒರಟನೇ. ಸದಾ ಗೆಲ್ಲುವ ವಕೀಲನನ್ನು ಸೃಷ್ಟಿಸಿದ ಆ ಲೇಖಕ ಆಮೇಲೆ, 1948ರಲ್ಲಿ, ತಪ್ಪು ತೀರ್ಪಿನಿಂದ ಜೈಲಿನಲ್ಲಿ ಕೊಳೆಯುತ್ತಿದ್ದವರಿಗಾಗಿ ‘ಕೋರ್ಟ್ ಆಫ್ ಲಾಸ್ಟ್ ರೆಸಾರ್ಟ್’ ಎಂಬ ಕೆಲಸಕ್ಕೆ ಕೈಹಾಕಿದ. ಹೊಸ ಧಾರಾವಾಹಿಯ ಕತ್ತಲೆ ಎಲ್ಲಿಂದಲೋ ತಂದು ಸುರಿದದ್ದಲ್ಲ ಎಂದು ನನಗೆ ಮನವರಿಕೆಯಾದದ್ದು ಇದರಿಂದ.

ಮೂರನೇ ವಾರ ಮಾವನವರು ತಾವಾಗಿಯೇ ಬಂದು ಕೂತರು. “ಆ ತಾಯಿಗೆ ಏನಾಯ್ತು?” ಎಂದರು. ಮಗುವಿನ ಕೊಲೆಯ ಆರೋಪ ಹೆತ್ತವಳ ಮೇಲೇ ಬಂದಿತ್ತು. ಆಮೇಲೆ ಅವರು ಒಂದು ಕಂತನ್ನೂ ತಪ್ಪಿಸಲಿಲ್ಲ.

ಆಗಸ್ಟ್ 9, ಎಂಟನೆಯ ಕಂತು. ಅಷ್ಟರಲ್ಲಿ ವಕೀಲನೂ ಆಗಿದ್ದ ಮೇಸನ್ ಕಟಕಟೆಯಲ್ಲಿರುವ ದುಷ್ಟ ಪೊಲೀಸನನ್ನು ಹಿಡಿದು ಜಾಡಿಸುತ್ತಾನೆ. ಹಳೆಯ ಮೇಸನ್ ಬಂದೇಬಿಟ್ಟ ಎಂದು ಮೂವರೂ ಮುಂದೆ ಬಾಗಿದೆವು. ಅದು ನಿಜವಾದ ಕೋರ್ಟಲ್ಲ, ಅಭ್ಯಾಸದ ಕಲ್ಪನೆ. ಕಟಕಟೆಯಲ್ಲಿ ಯಾರೂ ತಪ್ಪೊಪ್ಪಿಕೊಳ್ಳುವುದಿಲ್ಲ ಎಂದು ಅವನಿಗೆ ಹೇಳಿಕೊಡುವವನು ಬರ್ಗರ್.

“ಅವನು ಹೇಳಿದ್ದು ನಿಜ,” ಎಂದರು ಮಾವ. “ನಲವತ್ತು ವರ್ಷದಲ್ಲಿ ಒಬ್ಬನೂ ಒಪ್ಪಿಕೊಳ್ಳಲಿಲ್ಲ. ಒಂದು ಸಲ ಮಾತ್ರ ಒಬ್ಬ ಸಾಕ್ಷಿ ನೀರು ಕೇಳಿದ. ಲೋಟ ಪೂರ್ತಿ ಕುಡಿದು, ಕೆಳಗಿಟ್ಟು, ‘ನಾನು ನೋಡಿಲ್ಲ ಸ್ವಾಮಿ, ಹೇಳು ಅಂದ್ರು, ಹೇಳಿದೆ’ ಅಂದ. ಅಷ್ಟೇಯ. ನನಗೆ ಅವತ್ತು ಮಾತೇ ಹೊರಡಲಿಲ್ಲ.”

ಕೊನೆಗೆ ಜ್ಯೂರಿ ಒಮ್ಮತಕ್ಕೆ ಬರುವುದಿಲ್ಲ, ವಿಚಾರಣೆ ರದ್ದಾಗುತ್ತದೆ. ಮೇಸನ್‌ನ ಜೊತೆಗಾರ ಸ್ಟ್ರಿಕ್‌ಲ್ಯಾಂಡ್ ಜ್ಯೂರಿಯ ಒಬ್ಬನಿಗೆ ಲಂಚ ಕೊಟ್ಟಿದ್ದ. ಆದರೆ ಆ ತಾಯಿಯ ಪರ ನಿಂತವರು ಮೂವರು. ಇನ್ನಿಬ್ಬರಿಗೆ ಯಾರೂ ಕಾಸು ಕೊಟ್ಟಿರಲಿಲ್ಲ.

ಮಾವನವರು ವಕೀಲಿ ಶುರುಮಾಡುವ ಹೊತ್ತಿಗೆ ನಮ್ಮಲ್ಲಿ ಜ್ಯೂರಿಯ ಕಾಲ ಮುಗಿದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹಾಗಾಗಿಯೋ ಏನೋ, ಆ ಇಬ್ಬರು ಅವರನ್ನು ಬಿಡದೆ ಕಾಡಿದರು. ಊಟಕ್ಕೆ ಕೂತಾಗ ಮಜ್ಜಿಗೆ ಕಲಸುತ್ತ, “ಆ ಇಬ್ಬರು ಯಾರಿದ್ದಿರಬಹುದಮ್ಮ?” ಎಂದು ಎರಡು ಸಲ ಕೇಳಿದರು.

ಮರುದಿನ ಒಂಬತ್ತಕ್ಕೆ ಎಂದಿನಂತೆ ರೇಮಂಡ್ ಬರ್ ಬಂದ. ನಾನು ಕಾಫಿ ತಂದಿಟ್ಟೆ. ಹಳೆಯ ಕಂತುಗಳಲ್ಲಿ ಬಹುಪಾಲು ಪ್ರಾಥಮಿಕ ವಿಚಾರಣೆಗಳೇ. ನ್ಯಾಯಾಧೀಶರೊಬ್ಬರ ಎದುರಿಗೇ ಎಲ್ಲ ನಡೆದುಹೋಗುತ್ತದೆ. ಕೊಲೆಗಾರ ಎದ್ದುನಿಂತು ಒಪ್ಪಿಕೊಳ್ಳುತ್ತಿದ್ದ. ಮಾವನವರು ಅವನನ್ನು ನೋಡುತ್ತಿರಲಿಲ್ಲ. ಪರದೆಯ ಅಂಚಿನ ಕಡೆ ಬಾಗಿ ಏನೋ ಹುಡುಕುತ್ತಿದ್ದರು.

“ಇಷ್ಟು ದಿನ ನೋಡಿದೀನಿ, ಗಮನಿಸೇ ಇರಲಿಲ್ಲ ನೋಡಮ್ಮ,” ಎಂದರು. “ಇದರಲ್ಲಿ ಜ್ಯೂರಿಯೇ ಕಾಣೋದಿಲ್ಲವಲ್ಲ.”