ದ್ವೀಪವಾಗಿ ಬದುಕಿದ ಹಡಗು

1942ರ ಮಾರ್ಚ್, ಎರಡನೆಯ ಮಹಾಯುದ್ಧದ ಕಾಲ. ಜಾವಾ ಸಮುದ್ರದ ಕಾಳಗದಲ್ಲಿ ಡಚ್ಚರ ದೊಡ್ಡ ಯುದ್ಧನೌಕೆಗಳು ಮುಳುಗಿ ವಾರವಾಗಿತ್ತು. ಆಕಾಶ ಜಪಾನೀಯರದು, ಕಡಲೂ ಅವರದೇ. ಜಾವಾದ ಸುರಬಾಯಾ ಬಂದರಿನಲ್ಲಿ ಉಳಿದ ಡಚ್ ಹಡಗುಗಳಿಗೆ ಬಂದದ್ದು ಒಂದೇ ಆಜ್ಞೆ: ಆಸ್ಟ್ರೇಲಿಯಾ ಸೇರಿಕೊಳ್ಳಿ!

ಸೇರುವುದು ಹೇಗೆ? ‘ಅಬ್ರಹಾಂ ಕ್ರೈನ್ಸನ್’ ಯುದ್ಧಕ್ಕೆ ಎದುರು ನಿಲ್ಲುವ ಹಡಗಲ್ಲ. ಅದು ಯಾನ್ ವಾನ್ ಆಮ್ಸ್ಟೆಲ್ ವರ್ಗದ ಮೈನ್‌ಸ್ವೀಪರ್. ಬೇರೆ ಹಡಗುಗಳಿಗಿಂತ ಮೊದಲೇ ಅಪಾಯದ ನೀರಿಗಿಳಿದು ದಾರಿ ಗುಡಿಸುವುದು ಅದರ ಕಸುಬು. ಬೆನ್ನ ಹಿಂದೆ ಉಕ್ಕಿನ ಹಗ್ಗ ಎಳೆಯುತ್ತ ಸಾಗಬೇಕು, ಕಡಲ ತಳಕ್ಕೆ ಕಟ್ಟಿದ ಮೈನು ಎಂಬ ಸಿಡಿಗುಂಡುಗಳ ಸರಪಳಿ ಕತ್ತರಿಸಬೇಕು, ಮೇಲೆ ತೇಲಿಬಂದದ್ದನ್ನು ಗುಂಡಿಟ್ಟು ಸಿಡಿಸಬೇಕು. ಉದ್ದ 56 ಮೀಟರ್, ವೇಗ 15 ನಾಟ್, ದೊಡ್ಡ ಫಿರಂಗಿ ಇದ್ದದ್ದು ಒಂದೇ. ಜಪಾನಿ ಡಿಸ್ಟ್ರಾಯರ್ ಎದುರಾದರೆ ಕಾದಾಡಲೂ ಆಗದು, ಓಡಲೂ ಆಗದು.

ಹಾಗಾದರೆ ಅಡಗುವುದೇ ಸರಿ!

45 ಮಂದಿ ನಾವಿಕರು ದ್ವೀಪಗಳಿಗಿಳಿದು ಮರ ಕಡಿದರು, ಕೊಂಬೆ ಹೊತ್ತು ತಂದರು, ಡೆಕ್ಕಿನ ತುಂಬ ನೆಟ್ಟರು. ಎಲೆ ಮುಚ್ಚದ ಕಡೆ ಬಂಡೆಯ ಬಣ್ಣ ಬಳಿದರು. ಹಡಗು ಕಾಡಾಯಿತು!

ಹಗಲೆಲ್ಲ ದಡದ ಮಗ್ಗುಲಲ್ಲಿ ಲಂಗರು. ಅಲುಗುವಂತಿಲ್ಲ. ದ್ವೀಪ ನಡೆದಾಡುವುದುಂಟೇ? ನೀರಿನ ಮೇಲೆ ಒಂದು ಗೆರೆ ಮೂಡಿದರೂ ಗುಟ್ಟು ರಟ್ಟು. ಕತ್ತಲು ಕವಿದದ್ದೇ ತಡ, ಲಂಗರು ಮೇಲೆ, ಎಂಜಿನ್ ಚಾಲೂ, ಬೆಳಗಾಗುವಷ್ಟರಲ್ಲಿ ಇನ್ನೊಂದು ದಡ!

ಜೊತೆ ಹೊರಡಬೇಕಿದ್ದವು ಇನ್ನೂ ಮೂರು ಹಡಗುಗಳು. ಎರಡನ್ನು ಅವುಗಳ ನಾವಿಕರೇ ಮುಳುಗಿಸಬೇಕಾಯಿತು. ಮೂರನೆಯದು, ವರ್ಗಕ್ಕೆ ಹೆಸರು ಕೊಟ್ಟ ಯಾನ್ ವಾನ್ ಆಮ್ಸ್ಟೆಲ್, ಮಾರ್ಚ್ 8ರಂದು ಜಪಾನಿ ಡಿಸ್ಟ್ರಾಯರ್ ಕಣ್ಣಿಗೆ ಬಿದ್ದು ಕಡಲ ಪಾಲಾಯಿತು. ಕ್ರೈನ್ಸನ್ ಒಂಟಿಯಾಯಿತು. ಆದರೂ ನಿಲ್ಲಲಿಲ್ಲ. ದ್ವೀಪಗಳ ಸಾಲು ದಾಟಿತು. ಮುಂದೆ ಮರೆಗೆ ದಡವೇ ಇಲ್ಲದ ಹಿಂದೂ ಮಹಾಸಾಗರ! ಮಾರ್ಚ್ 20ರಂದು ಪಶ್ಚಿಮ ಆಸ್ಟ್ರೇಲಿಯಾದ ಜೆರಾಲ್ಡ್‌ಟನ್ ಬಂದರು ಮುಟ್ಟಿತು.

ಈ ಹಡಗನ್ನು ಉಳಿಸಿದ್ದು ಫಿರಂಗಿಯಲ್ಲ, ಎಷ್ಟು ಹಗಲಾದರೂ ಉಸಿರು ಬಿಗಿಹಿಡಿದು ಸುಮ್ಮನಿರಬಲ್ಲ ತಾಳ್ಮೆ. ಮೈನು ಗುಡಿಸುವವರಿಗೆ ಆ ತಾಳ್ಮೆ ಕಸುಬಿನಿಂದಲೇ ಬಂದದ್ದು. 1945ರಲ್ಲಿ ತಿಮೋರಿನ ಜಪಾನಿ ಪಡೆಯ ಶರಣಾಗತಿ ಸ್ವೀಕರಿಸಲು ಆಸ್ಟ್ರೇಲಿಯಾದ ನೌಕೆಗಳು ಬರುವ ಮೊದಲು, ಕುಪಾಂಗ್ ಬಂದರಿನ ಮೈನುಗಳನ್ನು ಗುಡಿಸಿದ್ದು ಇದೇ ಕ್ರೈನ್ಸನ್. ಇಂದು ಅದು ನೆದರ್ಲೆಂಡ್ಸಿನ ಡೆನ್ ಹೆಲ್ಡರ್‌ನಲ್ಲಿ ವಸ್ತುಸಂಗ್ರಹಾಲಯದ ಹಡಗಾಗಿ ನಿಂತಿದೆ.