ಹೋಸ್ಟಿಂಗ್ ಬದಲಿಸುವ ಮುನ್ನ

ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಅಷ್ಟು ಹಳೆಯ ಕನ್ನಡ ಸಂಘಗಳಿರುವ ಮುಂಬಯಿಯಲ್ಲಿ ಯಾವ ಸಂಘವೇ ಆಗಲಿ, ಹಳೆಯ ಲೇಖನಗಳಿರುವ ವೆಬ್‌ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸುವಾಗ ಬಾಡಿಗೆಗಿಂತ ಮೊದಲು ಡೇಟಾಬೇಸಿನ ಅಕ್ಷರ ಸಂಕೇತ ನೋಡಬೇಕು. 2018ರಲ್ಲಿ 8.0 ಆವೃತ್ತಿ ಬರುವವರೆಗೂ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ, ನಾವಾಗಿ ಬದಲಿಸದಿದ್ದರೆ, ಲ್ಯಾಟಿನ್1 ಸಂಕೇತವನ್ನೇ ಹಿಡಿಯುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಸಂಕೇತದಲ್ಲಿ ನಮ್ಮ ‘ಕ’ ಒಂದಕ್ಕೇ 3 ಬೈಟ್ ಬೇಕು. ಹಳೆಯ, ಹೊಸ ಸರ್ವರ್ ಎರಡೂ ಕಡೆಯ ಸಂಕೇತ ಹೊಂದಿಕೆಯಾಗದಿದ್ದರೆ ಬರಹವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಬಿಡಬಹುದು. ಹಾಗೆಯೇ ಉಳಿಸಿಟ್ಟರೆ ಹಳೆಯ ಪ್ರತಿಯಿಲ್ಲದೆ ಅದು ಮರಳಿ ಸಿಗದು. ಹೊಸ ಕಂಪನಿಯವರೇ ಉಚಿತವಾಗಿ ಸಾಗಿಸಿಕೊಡುತ್ತಾರಲ್ಲ ಎನ್ನಬಹುದು. ನಿಜ, ಆದರೆ ಪುಟ ತೆರೆದುಕೊಂಡರೆ ಅವರ ಕೆಲಸ ಮುಗಿಯಿತು. ಒತ್ತಕ್ಷರ ನೆಟ್ಟಗಿದೆಯೇ ಎಂದು ನೋಡಲು ಕನ್ನಡ ಬಲ್ಲ ಕಣ್ಣೇ ಬೇಕು. ಹಳೆಯದಕ್ಕೂ ಹೊಸದಕ್ಕೂ ಒಂದು ತಿಂಗಳು ಬಾಡಿಗೆ ಕಟ್ಟುವುದು ದುಬಾರಿ ಎನಿಸಿದರೂ ಹಳೆಯ ಲೇಖನಗಳನ್ನು ಒಂದೊಂದಾಗಿ ತೆರೆದು ಓದಿದ ಮೇಲೆಯೇ ಹಳೆಯ ಸರ್ವರ್ ಬಿಡಬೇಕು.